ಹಳೆಯ ಹ್ಯಾಟಿಗೆ ಹೊಸ ಚರ್ಮ

ಕಾಫಿ ತೋಟಗಳಲ್ಲಿಯೋ ಹಡಗುಗಳಲ್ಲಿಯೋ ದುಡಿದು ನಿವೃತ್ತರಾದ ಹಿರಿಯರಿದ್ದ ನಮ್ಮ ಕೆಲವು ಕುಟುಂಬಗಳಲ್ಲಿ ಇಂದಿಗೂ ಒಂದು ಫೆಲ್ಟ್ ಹ್ಯಾಟು ಉಳಿದಿರುತ್ತದೆ. ಹಿರಿಯರು ತೀರಿಕೊಂಡ ಮೇಲೆ ಅದು ಕಪಾಟಿನ ಮೇಲೇರುತ್ತದೆ. ಧರಿಸುವ ಸ್ಥಿತಿಯಲ್ಲಿಲ್ಲ, ಎಸೆಯಲು ಮನಸ್ಸಿಲ್ಲ. ಅಂಥದನ್ನು ದುರಸ್ತಿ ಮಾಡಿಸಿ ಮೊಮ್ಮಗನ ತಲೆಗೆ ಇಡುವುದೇ ಯೋಗ್ಯವೆಂದು ನಾವು ಹೇಳಿದಾಗ ಕೆಲವರಿಗೆ ಅದು ಅಗೌರವವೆಂದು ತೋರಿದುದುಂಟು. ಆದುದರಿಂದ ಈ ವಿಷಯವನ್ನು ತುಸು ವಿವರವಾಗಿ ಪರಿಶೀಲಿಸಲು ಇಚ್ಛಿಸುತ್ತೇವೆ.

ಹ್ಯಾಟಿನಲ್ಲಿ ಮೊದಲು ಕೆಡುವುದು ಹೊರಗಿನ ಫೆಲ್ಟ್ ಅಲ್ಲ. ಮೊಲದ ತುಪ್ಪುಳವನ್ನೋ ಕುರಿಯ ಉಣ್ಣೆಯನ್ನೋ ತೇವ, ಶಾಖ, ಒತ್ತಡಗಳಿಂದ ನೇಯದೆಯೇ ಒಂದಾಗಿಸಿದ ಆ ವಸ್ತು ದೀರ್ಘಾಯು. ಮೊದಲು ಸಾಯುವುದು ಒಳಗೆ ಹಣೆಗೆ ತಾಗುವ ಚರ್ಮದ ಪಟ್ಟಿ. ಬೆವರಿನ ನೀರು ಆರಿದರೂ ಉಪ್ಪು ಚರ್ಮದಲ್ಲಿ ಉಳಿಯುತ್ತದೆ. ಪಟ್ಟಿ ಬಿರುಸಾಗಿ, ಕುಗ್ಗಿ, ಹೊಲಿಗೆಯ ರಂಧ್ರಗಳ ಸಾಲಿನಲ್ಲಿಯೇ ಹರಿಯುತ್ತದೆ. ಕುಗ್ಗುವಾಗ ಫೆಲ್ಟನ್ನೂ ತನ್ನೊಡನೆ ಎಳೆಯುವುದರಿಂದ ಹ್ಯಾಟು ಬಿಗಿಯಾಗುತ್ತದೆ. (ತಲೆ ದೊಡ್ಡದಾಯಿತೆಂದು ಮನೆಯವರು ನಗುತ್ತಾರೆ; ತಲೆಯದೇನೂ ತಪ್ಪಿಲ್ಲ.) ಬಳಿಕ ಕೆಡುವುದು ಮುಂಭಾಗದಲ್ಲಿ ಬೆರಳುಗಳಿಂದ ಚಿವುಟಿ ಹಿಡಿಯುವ ಮಡಿಕೆ. ಹ್ಯಾಟನ್ನು ಅಂಚು ಹಿಡಿದು ತೆಗೆಯಬೇಕೆಂಬುದನ್ನು ಬಹಳ ಮಂದಿ ಕಲಿಯಲೇ ಇಲ್ಲ.

ಇನ್ನು ಆಕ್ಷೇಪಕ್ಕೆ ಬರೋಣ. ಅಜ್ಜನ ಬೆವರು ಇಳಿದಿರುವುದು ಆ ಪಟ್ಟಿಯಲ್ಲಿಯೇ. ಅದನ್ನು ಕಿತ್ತರೆ ಹ್ಯಾಟಿನಲ್ಲಿ ಅಜ್ಜನದೇನು ಉಳಿಯಿತು? ಇದನ್ನು ನಕ್ಕು ತಳ್ಳಿಹಾಕುವಂತಿಲ್ಲ. ಅಥೆನ್ಸಿನವರು ಥೀಸಿಯಸ್ ವೀರನ ಹಡಗನ್ನು ಕಾಪಾಡುತ್ತ, ಕೊಳೆತ ಹಲಗೆಗಳ ಬದಲು ಹೊಸ ಹಲಗೆ ಜೋಡಿಸುತ್ತ ಹೋದರಂತೆ. ಅದು ಅದೇ ಹಡಗೋ ಬೇರೆಯದೋ ಎಂದು ತತ್ತ್ವಜ್ಞಾನಿಗಳು ವಾದಿಸಿದರೆಂದು ಪ್ಲುಟಾರ್ಕ್ ಬರೆದಿದ್ದಾನೆ. ಅರಿಸ್ಟಾಟಲನ ದಾರಿಯಲ್ಲಿ ಯೋಚಿಸುವುದಾದರೆ, ವಸ್ತುವನ್ನು ವಸ್ತುವಾಗಿಸುವುದು ದ್ರವ್ಯ ಮಾತ್ರವಲ್ಲ, ಅದರ ರೂಪ ಮತ್ತು ಉದ್ದೇಶ. ಹ್ಯಾಟು ಇರುವುದು ತಲೆಯನ್ನು ಬಿಸಿಲು ಮಳೆಗಳಿಂದ ಕಾಯಲು. ಗಾಜಿನ ಪೆಟ್ಟಿಗೆಯಲ್ಲಿ ದ್ರವ್ಯವೆಲ್ಲ ಉಳಿದು ಹ್ಯಾಟು ಮಾತ್ರ ಇಲ್ಲವಾಗುತ್ತದೆ. ಅಜ್ಜನೇ ಬದುಕಿದ್ದರೆ ಹರಿದ ಪಟ್ಟಿಯನ್ನು ಮುಂದಿನ ಮಳೆಗಾಲದೊಳಗೆ ಬದಲಾಯಿಸಿಕೊಳ್ಳುತ್ತಿರಲಿಲ್ಲವೇ? ಆದರೂ ತಂದೆಯನ್ನು ಕಳೆದುಕೊಂಡ ಮಗಳಿಗೆ ಅರಿಸ್ಟಾಟಲನಿಂದ ಸಮಾಧಾನವಾಗದು ಎಂಬುದನ್ನೂ ಬಲ್ಲೆವು.

ದುರಸ್ತಿ ಎಂದರೆ ಹೇಗಾದರೂ ಅಂಟಿಸುವುದಲ್ಲ. ಕುಗ್ಗದ ಹೊಸ ಬಟ್ಟೆಯ ತೇಪೆ ಹಳೆಯ ಉಡುಪನ್ನು ಇನ್ನಷ್ಟು ಹರಿಯುತ್ತದೆಂದು ಸಂತ ಮಾರ್ಕನ ಶುಭಸಂದೇಶದ 2ನೆಯ ಅಧ್ಯಾಯದಲ್ಲಿ ಪ್ರಭು ಹೇಳುತ್ತಾರೆ. ಕೇಳುಗರಲ್ಲಿ ಹೊಲಿಗೆ ಬಲ್ಲವರು ತಲೆದೂಗಿರಬೇಕು. ಚರ್ಮಕ್ಕೂ ಇದು ಅನ್ವಯಿಸುತ್ತದೆ. ತಂಗಡಿಯ ತೊಗಟೆ, ಅಳಲೆಕಾಯಿ ಮೊದಲಾದ ಸಸ್ಯಮೂಲಗಳಿಂದ ಹದಮಾಡಿದ ತೆಳುಚರ್ಮವನ್ನು, ಒಂದು ಮಿಲಿಮೀಟರಿಗಿಂತ ದಪ್ಪವಿಲ್ಲದಂತೆ ಆಯ್ದು, ಮೊದಲು ತೇವ ಮಾಡಿ, ತಲೆಯ ಅಳತೆಗೆ ಬಾಗಿಸಿ, ನೆರಳಿನಲ್ಲಿ ಒಣಗಿಸಬೇಕು. ಕುಗ್ಗುವುದೆಲ್ಲ ಹೊಲಿಗೆಗೆ ಮುನ್ನವೇ ಕುಗ್ಗಲಿ. ಅಂಚನ್ನು ರಂಪಿಗೆಯಿಂದ ಹೆರೆದು ತೆಳುಗೊಳಿಸದಿದ್ದರೆ ಹಣೆಯ ಮೇಲೆ ಗೆರೆ ಮೂಡುತ್ತದೆ. ಸೂಜಿ ಫೆಲ್ಟಿನ ಹಳೆಯ ರಂಧ್ರಗಳಲ್ಲಿಯೇ ಹೋಗಬೇಕು. ಹೊಸ ರಂಧ್ರಗಳ ಸಾಲು ಸೇರಿದರೆ ಅಂಚೆಚೀಟಿಯಂತೆ ಹರಿದು ಬರುತ್ತದೆ. ಮಡಿಕೆಯ ಬಿರುಕಿಗೆ ಹಾಕುವ ಚರ್ಮದ ತೇಪೆಯನ್ನು ಮರೆಮಾಚಬೇಕಾಗಿಲ್ಲ. ಹೊರಗಿನ ಪಟ್ಟಿಗೆ ಬಕ್ಕಲು ಬೇಕಾದರೆ ಹಿತ್ತಾಳೆಯದಿರಲಿ. ಒದ್ದೆಯಾದ ಕಬ್ಬಿಣ ಇಂಥ ಚರ್ಮದ ಮೇಲೆ ಕಪ್ಪು ಕಲೆ ಬಿಡುತ್ತದೆ. ಅಳಲೆಕಾಯಿಗೆ ಅನ್ನಭೇದಿ ಬೆರೆಸಿ ಶಾಯಿ ಮಾಡುತ್ತಿದ್ದುದೂ ಇದೇ ಗುಣದಿಂದ.

ಒಂದು ಎಚ್ಚರಿಕೆ. ಹಿಂದೆ ತುಪ್ಪುಳವನ್ನು ಪಾದರಸದ ಲವಣದಿಂದ ಸಂಸ್ಕರಿಸುತ್ತಿದ್ದರು. ಅದರಿಂದ ಹ್ಯಾಟು ತಯಾರಿಸುವ ಕಾರ್ಮಿಕರ ಕೈ ನಡುಗುತ್ತಿತ್ತು, ಚಿತ್ತ ಕೆಡುತ್ತಿತ್ತು. ಅಮೆರಿಕದಲ್ಲಿ ಈ ಪದ್ಧತಿ ನಿಂತುದು 1941ರಲ್ಲಿ. ಅದಕ್ಕೂ ಹಳೆಯದೆಂದು ತೋರುವ ಹ್ಯಾಟನ್ನು ಮಾತ್ರ ಆವಿ ಹಾಯಿಸದೆ, ಯಾರ ತಲೆಗೂ ಇಡದೆ, ಮುಚ್ಚಿದ ಪೆಟ್ಟಿಗೆಯಲ್ಲಿ ಇಡುವುದೇ ಲೇಸು.

ಈ ಕೆಲಸ ಮಾಡುವವರು ಯಾರು? ಸಸ್ಯಹದದ ಚರ್ಮದಿಂದ ಮಾಡುವ ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಾಗ, ಮಹಾರಾಷ್ಟ್ರದೊಡನೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳೂ ಅದರಲ್ಲಿ ಸೇರಿದವು. ಚರ್ಮದ ಕುಶಲತೆಗೆ ನಮ್ಮಲ್ಲಿ ಕೊರತೆಯಿಲ್ಲ. ಕೊರತೆಯಿರುವುದು ಕುಶಲಿಗೆ ಸಲ್ಲಬೇಕಾದ ಮನ್ನಣೆಗೆ. ಸಂತ ಕ್ರಿಸ್ಪಿನ್ ಮತ್ತು ಕ್ರಿಸ್ಪಿನಿಯಾನರನ್ನು ಚರ್ಮಕಾರರ ಪಾಲಕರೆಂದು ಧರ್ಮಸಭೆ ಅಕ್ಟೋಬರ್ 25ರಂದು ಸ್ಮರಿಸುತ್ತದೆ. ಆದರೆ ಪೇಟೆಯ ಮೂಲೆಯಲ್ಲಿ ಕೊಡೆಯ ಕೆಳಗೆ ಕುಳಿತು ಹೊಲಿಯುವವನನ್ನು ನಮ್ಮವರೂ ಏಕವಚನದಲ್ಲಿ ಕರೆಯುತ್ತಾರೆ, ಮನೆಗೆ ಬಂದರೆ ಮೆಟ್ಟಿಲ ಕೆಳಗೆ ನಿಲ್ಲಿಸುತ್ತಾರೆ, ಅರ್ಧ ದಿನದ ಕೆಲಸಕ್ಕೆ ಕೇಳಿದ ಹಣವನ್ನು ಹೆಚ್ಚೆನ್ನುತ್ತಾರೆ. ಅಂಗಡಿಯ ಹೊಸ ಹ್ಯಾಟಿಗೆ ಮುದ್ರಿಸಿದ ಬೆಲೆಯನ್ನು ತುಟಿಬಿಚ್ಚದೆ ಕೊಡುವವರೂ ಇವರೇ. ಅಜ್ಜನ ನೆನಪು ಅಷ್ಟು ಅಮೂಲ್ಯವಾದರೆ ಅದನ್ನು ಉಳಿಸಿಕೊಡುವ ಕೈಗೆ ಚೌಕಾಶಿಯೇಕೆ? ಅವರನ್ನು ಒಳಗೆ ಕರೆದು, ಕುರ್ಚಿ ಕೊಟ್ಟು, ಹ್ಯಾಟು ಯಾರದೆಂಬುದನ್ನು ಹೇಳಿ ಕೆಲಸ ಒಪ್ಪಿಸಿರಿ.

ಹಳೆಯ ಪಟ್ಟಿಯನ್ನು ಎಸೆಯಲು ಬಿಡಬೇಡಿರಿ. ಹೊಸದನ್ನು ಕತ್ತರಿಸಲು ಕುಶಲಿಗೆ ಅದೇ ಅಳತೆ. ರಂಧ್ರಗಳ ಅಂತರವೂ ಅದರಲ್ಲಿಯೇ ಇರುತ್ತದೆ. ಕೆಲಸ ಮುಗಿದ ಮೇಲೆ ಕೇಳಿ ಪಡೆದು, ಬೇಕೆಂದ ಮಗಳಿಗೆ ಕೊಡಿರಿ.