ಕೂಡಿ ಕೇಳುವ ಸಂಗೀತ

ಕಳೆದ ವರ್ಷ ಶಾಲೆ ತೆರೆದ ಹೊಸತರಲ್ಲಿ ಹತ್ತನೆಯ ವರ್ಗದ ಒಬ್ಬ ವಿದ್ಯಾರ್ಥಿಯ ತಂದೆಯವರು ನನ್ನನ್ನು ಕಾಣಲು ಬಂದರು. ಅವರ ತಂದೆಯ ಕಾಲದಲ್ಲಿಯೇ ಗದಗಿನ ಕಡೆಯಿಂದ ಗೋವೆಗೆ ಬಂದು ನೆಲೆಸಿದ ಮನೆತನ; ಗೌಂಡಿ ಕೆಲಸ. “ಸರ್ರ, ಹುಡುಗ ಸಂಜೀ ಮುಂದ ಆ ಮುದುಕರ ಮನ್ಯಾಗ ಕುಂತು ಬ್ಯಾಂಡು ಕೇಳ್ತಾನ. ಹೋಟೆಲಿನ್ಯಾಗ ಕುಣಿಯೋ ಸಂಗೀತ ಅದು. ಪರೀಕ್ಷಾ ವರ್ಷ ಐತಿ. ನೀವಾರ ನಾಕು ಮಾತು ಹೇಳ್ರಿ” ಎಂದರು.

ಹೇಳುತ್ತೇನೆಂದು ಒಪ್ಪಿಕೊಂಡೆ. ಆದರೆ ಹೇಳುವ ಮೊದಲು ಆ ಮನೆಗೆ ಒಮ್ಮೆ ಹೋಗಿ ನೋಡುವುದು ನ್ಯಾಯವೆನಿಸಿತು.

ಆ ಮನೆಯ ಹಿರಿಯರು ಗೋವೆಯವರೇ. ಪೋರ್ಚುಗೀಸರ ಕಾಲದಲ್ಲಿ ಇಲ್ಲಿಯ ಇಗರ್ಜಿಯ ಶಾಲೆಗಳಲ್ಲಿ ಮಕ್ಕಳಿಗೆ ಸ್ವರಲಿಪಿ ಓದುವುದನ್ನೂ ಪಿಟೀಲು ನುಡಿಸುವುದನ್ನೂ ಕಲಿಸುತ್ತಿದ್ದರು. ಆ ವಿದ್ಯೆಯ ಬಲದಿಂದಲೇ ಎಷ್ಟೋ ಗೋವೆಯ ಯುವಕರು ಮುಂಬಯಿಯ ಹೋಟೆಲುಗಳಲ್ಲಿ, ಮುಂದೆ ಹಿಂದಿ ಚಿತ್ರಗಳ ವಾದ್ಯವೃಂದಗಳಲ್ಲಿ ಅನ್ನ ಕಂಡುಕೊಂಡರು. ಆಲ್ಡೋಣದ ಚಿಕ್ ಚಾಕೊಲೇಟ್ ಅವರನ್ನು ಭಾರತದ ಲೂಯಿ ಆರ್ಮ್‌ಸ್ಟ್ರಾಂಗ್ ಎಂದೇ ಕರೆಯುತ್ತಿದ್ದರು. 1951ರ ‘ಅಲಬೇಲಾ’ ಚಿತ್ರ ನೋಡಿದ ಪಾಲಕರ ಕಿವಿಗೆ ಅವರ ತುತ್ತೂರಿ ಬಿದ್ದೇ ಇರುತ್ತದೆ, ಹೆಸರು ಗೊತ್ತಿಲ್ಲದಿರಬಹುದು.

ಆ ರವಿವಾರ ಅಲ್ಲಿ ನಾಲ್ವರಿದ್ದೆವು: ಆ ಹಿರಿಯರು, ನಿವೃತ್ತ ರೈಲ್ವೆ ನೌಕರರೊಬ್ಬರು, ನಮ್ಮ ಹುಡುಗ, ನಾನು. ಅಲ್ಲಿಯ ನಿಯಮ ಎರಡೇ. ತಟ್ಟೆ ತಿರುಗುತ್ತಿರುವಾಗ ಮಾತಾಡುವಂತಿಲ್ಲ. ಮುಗಿದ ಮೇಲೆ ಪ್ರತಿಯೊಬ್ಬರೂ ತಾವು ಕೇಳಿದ ಒಂದು ಸಂಗತಿ ಹೇಳಲೇಬೇಕು. “ಚೆನ್ನಾಗಿದೆ” ಎಂಬ ಉತ್ತರ ನಡೆಯದು.

ಆ ದಿನ ಹಾಕಿದ್ದು ‘ವೆಸ್ಟ್ ಎಂಡ್ ಬ್ಲೂಸ್’. ಲೂಯಿ ಆರ್ಮ್‌ಸ್ಟ್ರಾಂಗ್ 1928ರ ಜೂನಿನಲ್ಲಿ ಷಿಕಾಗೋದಲ್ಲಿ ಮುದ್ರಿಸಿದ್ದು, ಮೂರು ನಿಮಿಷದ ಚಿಲ್ಲರೆ. ಮೊದಲಿಗೆ ಯಾವ ಪಕ್ಕವಾದ್ಯವೂ ಇಲ್ಲದೆ ತುತ್ತೂರಿಯೊಂದೇ ಏರಿ ಇಳಿಯುತ್ತದೆ. ನನ್ನ ಸರದಿ ಬಂದಾಗ, ಕನ್ನಡ ಮಾಸ್ತರನೆಂಬ ಧೈರ್ಯದಿಂದ, “ಮನಸ್ಸಿಗೆ ಬಂದಂತೆ ಊದುತ್ತಾರೆ, ಕಟ್ಟಳೆ ಕಾಣಲಿಲ್ಲ” ಎಂದುಬಿಟ್ಟೆ. ಹಿರಿಯರು ನಕ್ಕು, “ಎಣಿಸಿ ಮಾಸ್ತರ್” ಎಂದು ಮತ್ತೆ ಹಾಕಿದರು. ನಾಲ್ಕು ನಾಲ್ಕು ಪೆಟ್ಟಿನ ಹನ್ನೆರಡು ಗುಂಪು, ಒಟ್ಟು ನಲವತ್ತೆಂಟು ಪೆಟ್ಟಿಗೆ ಒಂದು ಸುತ್ತು. ನಮ್ಮ ತಾಳದ ಆವರ್ತನದಂತೆ ಅದು ಮರಳಿ ಮರಳಿ ಬರುತ್ತದೆ, ವಾದಕನ ಕಲ್ಪನೆಯೆಲ್ಲ ಅದರೊಳಗೆ. ನಾನು ಬೆರಳು ಮಡಿಸುತ್ತ ಎರಡು ಸಲ ತಪ್ಪಿದೆ. ಹುಡುಗ ತಪ್ಪಲಿಲ್ಲ.

ಅವನು ಹೇಳಿದ್ದನ್ನು ಇಲ್ಲಿ ಬರೆಯಲೇಬೇಕು. “ಕಡೀ ಸುತ್ತಿನ್ಯಾಗ ಅವರು ಮ್ಯಾಲಿನ ಒಂದ ಸ್ವರ ಹಿಡಿದು ನಿಂತಬಿಡ್ತಾರ್ರಿ. ಕೆಳಗಿನವರು ನಡಕೋಂತನ ಹೋಗ್ತಾರ. ನಮ್ಮಜ್ಜ ಭಜನ್ಯಾಗ ಮ್ಯಾಲಿನ ಷಡ್ಜ ಹಿಡಿದಾಗ ಉಸಿರು ಎಲ್ಲಿ ಮುಗೀತದೋ ಅಂತ ನಾವು ಅಂಜತಿದ್ವಿ, ಹಂಗಾತು.” ಪ್ರಬಂಧವೆಂದರೆ ಗೈಡಿನ ವಾಕ್ಯಗಳನ್ನೇ ಒಪ್ಪಿಸುವ ಹುಡುಗ ಅವನು. ಅವನ ಬಾಯಿಂದ ಅವನದೇ ಆದ ಮಾತು ನಾನು ಕೇಳಿದ್ದು ಅಂದೇ ಮೊದಲು. ಇಷ್ಟು ವರ್ಷ ಪ್ರಬಂಧ ಕಲಿಸಿದ ನಾನು ಸ್ವಲ್ಪ ಸಣ್ಣವನಾದೆ.

ಆ ಹಾಡನ್ನು ರಚಿಸಿದವರು ಆರ್ಮ್‌ಸ್ಟ್ರಾಂಗರ ಗುರುಸ್ಥಾನದಲ್ಲಿದ್ದ ಕಿಂಗ್ ಆಲಿವರ್. ಅವರೂ ಅದೇ ತಿಂಗಳು ಅದನ್ನು ಮುದ್ರಿಸಿದ್ದರು. ರೈಲ್ವೆಯವರು ಮೊಬೈಲಿನಲ್ಲಿ ಅದನ್ನು ಹುಡುಕಿ ಕೇಳಿಸಿದರು. ಗುರುವಿನದು ಮೊದಲು, ಶಿಷ್ಯನದು ಆಮೇಲೆ. ಗುರುವಿನದರಲ್ಲಿ ಹಾಡಿದೆ, ಶಿಷ್ಯನದರಲ್ಲಿ ಅದೇ ಹಾಡು ಇನ್ನೊಂದೇ ಆಗಿದೆ. ಒಂದನ್ನೇ ಕೇಳಿದ್ದರೆ ಈ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ಆಲಿವರ್ 1938ರಲ್ಲಿ ಬಡತನದಲ್ಲಿ ತೀರಿಕೊಂಡರೆಂದು ಕೇಳಿ ಹುಡುಗ ಬಹಳ ಹೊತ್ತು ಸುಮ್ಮನಿದ್ದ. ಕರಿಯರು ಕಟ್ಟಿದ ಈ ಸಂಗೀತದ ಮೊದಲ ಮುದ್ರಿಕೆ ಎನಿಸಿಕೊಂಡದ್ದು 1917ರಲ್ಲಿ ಬಿಳಿಯರ ತಂಡವೊಂದರದು ಎಂಬುದನ್ನೂ ಅವನು ಅಲ್ಲಿಯೇ ಅರಿತ. ಇತಿಹಾಸದ ಪಾಠ ಬೇರೆ ಬೇಕೇ?

ಜಗಳಗಳೂ ಇವೆ. ಹಿರಿಯರ ಪ್ರಕಾರ ಆರ್ಮ್‌ಸ್ಟ್ರಾಂಗರ ನಂತರ ಬಂದದ್ದೆಲ್ಲ ಸಪ್ಪೆ. ರೈಲ್ವೆಯವರು ಇದನ್ನು ಒಪ್ಪುವುದಿಲ್ಲ. ಅಮೆರಿಕದ ಸ್ಯಾಕ್ಸಫೋನ್ ವಾದಕ ಚಾರ್ಲಿ ಮರಿಯಾನೋ 1983ರಲ್ಲಿ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ತಂಡದ ಆರ್. ಎ. ರಮಾಮಣಿ ಹಾಗೂ ಟಿ. ಎ. ಎಸ್. ಮಣಿ ಅವರೊಡನೆ ಮಾಡಿದ ‘ಜ್ಯೋತಿ’ ಮುದ್ರಿಕೆಯನ್ನು ಅವರು ಮುಂದಿಡುತ್ತಾರೆ. ನನ್ನ ಮತವೂ ‘ಜ್ಯೋತಿ’ಗೇ. ಮೃದಂಗ ಇದೆಯೆಂಬ ಪಕ್ಷಪಾತ ಅದರಲ್ಲಿ ಇದ್ದೀತು.

ಪಾಲಕರೇ, ನಿಮ್ಮ ಆತಂಕ ಸುಳ್ಳಲ್ಲ. ದಿನಾಲೂ ಸಂಜೆ ಅಲ್ಲಿ ಕೂತರೆ ಗಣಿತ ಯಾರು ಮಾಡಬೇಕು? ಆ ತಂದೆಯವರಿಗೂ ನಾನು ಇದನ್ನೇ ಹೇಳಿ, ರವಿವಾರ ಒಂದು ತಾಸು ಮಾತ್ರ ಎಂದು ಗೊತ್ತುಮಾಡಿದೆ. ಅವರು ಮನಸ್ಸಿಲ್ಲದ ಮನಸ್ಸಿನಿಂದ ಒಪ್ಪಿದರು. ಆದರೆ ಈಗ ಪ್ರತಿ ಮಗುವಿನ ಕಿವಿಯಲ್ಲೂ ಒಂದೊಂದು ಬಿರಡೆ ಇದೆ. ಅಣ್ಣ ಏನು ಕೇಳುತ್ತಾನೆಂದು ತಂಗಿಗೆ ಗೊತ್ತಿಲ್ಲ. ಹಾಡು ಹಿಡಿಸದಿದ್ದರೆ ಅರ್ಧಕ್ಕೆ ಬಿಟ್ಟು ಮುಂದಿನದಕ್ಕೆ ಹೋಗುತ್ತಾರೆ. ಏಕೆ ಹಿಡಿಸಲಿಲ್ಲವೆಂದು ಕೇಳುವವರಿಲ್ಲ. ಕೇಳುವವರಿದ್ದರೆ ಉತ್ತರಕ್ಕೆ ಮಾತು ಹುಡುಕಬೇಕಾಗುತ್ತದೆ. ಮನೆಯಾಚೆ ಕೊಂಕಣಿ, ಮರಾಠಿ, ಹಿಂದಿಯಲ್ಲಿ ಓಡಾಡುವ ನಮ್ಮ ಮಕ್ಕಳು ಕನ್ನಡದಲ್ಲಿ ಹೀಗೆ ಮಾತು ಹುಡುಕುವ ಪ್ರಸಂಗ ಎಷ್ಟು ಸಲ ಬರುತ್ತದೆ?

ಆದ್ದರಿಂದ ನನ್ನ ಸೂಚನೆ ಇಷ್ಟು. ತಿಂಗಳಿಗೊಂದು ಶನಿವಾರ ಶಾಲೆ ಬಿಟ್ಟ ಮೇಲೆ ಒಂದು ತಾಸು ಕೂಡಿ ಕೇಳೋಣ. ಜಾಝ್ ಒಂದೇ ಅಲ್ಲ. ಮನ್ಸೂರರಿರಲಿ, ಗಂಗೂಬಾಯಿಯವರಿರಲಿ, ನಿಮ್ಮ ಮನೆಯ ಹಳೆಯ ಭಜನೆಯ ಕ್ಯಾಸೆಟ್ಟಿರಲಿ. ತಟ್ಟೆ ತಿರುಗಿಸುವ ಯಂತ್ರವನ್ನು ಆ ಹಿರಿಯರು ಕೊಡಲು ಒಪ್ಪಿದ್ದಾರೆ. ಅವರದೊಂದೇ ಷರತ್ತು: ತಟ್ಟೆಯನ್ನು ಅಂಚಿನಲ್ಲಿ ಹಿಡಿಯಬೇಕು, ಮೈಗೆ ಬೆರಳಿನ ಜಿಡ್ಡು ತಗಲಬಾರದು. ಊಟದ ಡಬ್ಬಿ ತೊಳೆದು ಕೈ ಒರೆಸಿಕೊಂಡು ಬನ್ನಿ.