ಸಹಿ ಹಾಕುವವರು ಯಾರು?

ಕಳಸದ ಬೆಳೆಗಾರರೊಬ್ಬರು ಲಕ್ವ ಹೊಡೆದು ಪ್ರಜ್ಞೆಯಿಲ್ಲದೆ ಮಲಗಿದ್ದಾರೆನ್ನಿ. ಕಾಫಿ ಕುಯ್ಲಿನ ಬಟವಾಡೆ ನಿಂತಿದೆ. ಹಣ ಬ್ಯಾಂಕಿನಲ್ಲಿದೆ, ಹೆಂಡತಿಯ ಸಹಿ ನಡೆಯದು.

1890ರ ಪೋಷಕರ ಕಾಯ್ದೆ ಅಪ್ರಾಪ್ತರಿಗೆ; 1999ರ ರಾಷ್ಟ್ರೀಯ ನ್ಯಾಸ ಕಾಯ್ದೆ ಬುದ್ಧಿಮಾಂದ್ಯರೇ ಮೊದಲಾದ ಕೆಲವರಿಗೆ. ಕೋಮಾದಲ್ಲಿರುವವರಿಗೆಂದು ಪ್ರತ್ಯೇಕ ಕಾನೂನೇ ಇಲ್ಲ. ಮನೆಯವರು ಹೈಕೋರ್ಟಿಗೆ ಅಲೆಯಬೇಕು.

2019ರಲ್ಲಿ ಕೇರಳ ಹೈಕೋರ್ಟು ಒಂದು ದಾರಿ ಹಾಕಿಕೊಟ್ಟಿತು: ವೈದ್ಯರ ಮಂಡಳಿಯ ತಪಾಸಣೆ, ತಹಸೀಲ್ದಾರರ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿಯ ವಿಚಾರಣೆ, ಪಾಲಕರಿಂದ ಆರು ತಿಂಗಳಿಗೊಮ್ಮೆ ಲೆಕ್ಕ. ಆ ಲೆಕ್ಕ ಬೇಕೇಬೇಕು. ಮಲಗಿದವರ ತೋಟದ ಮೇಲೆ ಕಣ್ಣಿಟ್ಟ ನೆಂಟರೂ ಉಂಟಲ್ಲ!

ಸಂಸತ್ತು ಇದನ್ನೇ ಕಾಯ್ದೆ ಮಾಡಿ ಜಿಲ್ಲಾ ನ್ಯಾಯಾಲಯಗಳಿಗೆ ಅಧಿಕಾರ ಕೊಡಲಿ. ಚಿಕ್ಕಮಗಳೂರಿನಲ್ಲೇ ಮುಗಿಯೋ ಕೆಲಸಕ್ಕೆ ಜನ ಬೆಂಗಳೂರು ಬಸ್ಸು ಯಾಕೆ ಹತ್ತಬೇಕು?