ಹಲಗೆಯ ಕೆಳಗಿನ ಲೆಕ್ಕ

ಹಿತ್ತಲಿನ ಮಾವಿನ ನೆರಳಿನಲ್ಲಿ ನಾಲ್ಕಾರು ಮಂದಿ ಕುಳಿತು ಹರಟಲು ಮರದ ಪುಟ್ಟ ಜಗಲಿಯೊಂದಿದ್ದರೆ ಎಷ್ಟು ಚೆನ್ನ! ಅಮೆರಿಕದಲ್ಲಿ ಇದಕ್ಕೆ ‘ಡೆಕ್’ ಎನ್ನುತ್ತಾರೆ. ನೋಡಿದವರೆಲ್ಲ ಮೆಚ್ಚುವುದು ಮೇಲಿನ ಹಲಗೆಯ ನಯವನ್ನು. ಆದರೆ ಭಾರ ಹೊರುವುದು ಕೆಳಗೆ ಕಾಣದಂತಿರುವ ಚೌಕಟ್ಟು.

2003ರ ಜೂನ್ 29ರಂದು ಷಿಕಾಗೊ ನಗರದ ಮನೆಯೊಂದರ ಹಿಂಭಾಗದಲ್ಲಿದ್ದ ಮರದ ಮೂರಂತಸ್ತಿನ ಜಗಲಿ ಕುಸಿದುಬಿತ್ತು. ಕೂಟಕ್ಕೆ ಬಂದಿದ್ದ ಯುವಜನರು ಅದರ ಮೇಲೆ ಕಿಕ್ಕಿರಿದು ನಿಂತಿದ್ದರು. 13 ಮಂದಿ ಪ್ರಾಣ ಕಳೆದುಕೊಂಡರು. ನಾಲ್ಕು ಜನರಿಗೆಂದು ಕಟ್ಟಿದ್ದರ ಮೇಲೆ ಹಬ್ಬದ ದಿನ ಹದಿನಾಲ್ಕು ಜನ ಹತ್ತಬಹುದು. ಆದ್ದರಿಂದ ಲೆಕ್ಕ ಮೊದಲು, ಗರಗಸ ಆಮೇಲೆ.

6 ಅಡಿ ಅಗಲ, 8 ಅಡಿ ಉದ್ದದ ಜಗಲಿ ಎಂದಿಟ್ಟುಕೊಳ್ಳೋಣ. ಅಮೆರಿಕದ ಮನೆಗಳ ಕಟ್ಟಡ ನಿಯಮಗಳಲ್ಲಿ ಡೆಕ್ಕಿಗೆ ಸಾಮಾನ್ಯವಾಗಿ ಹಿಡಿಯುವ ಭಾರ ಚದರ ಅಡಿಗೆ 40 ಪೌಂಡ್, ಅಂದರೆ ಸುಮಾರು 18 ಕಿಲೋ. 48 ಚದರ ಅಡಿಗೆ ಅದು 864 ಕಿಲೋ. 60 ಕಿಲೋ ತೂಗುವ 14 ಮಂದಿಯ ಭಾರ!

ಇಷ್ಟನ್ನು ಹೊರಲು ದಪ್ಪ ದಪ್ಪ ಮರವೇ ಬೇಕೆಂದಿಲ್ಲ. ಒಂದು ಅಡಿಪಟ್ಟಿಯ ಎರಡು ತುದಿಗಳನ್ನು ಎರಡು ಪುಸ್ತಕಗಳ ಮೇಲಿಟ್ಟು ನಡುವೆ ಬೆರಳಿನಿಂದ ಒತ್ತಿ. ಅದು ಸುಲಭವಾಗಿ ಬಾಗುತ್ತದೆ. ಅದನ್ನೇ ಅಂಚಿನ ಮೇಲೆ ನಿಲ್ಲಿಸಿ ಒತ್ತಿ. ಬಾಗಲು ಒಪ್ಪುವುದೇ ಇಲ್ಲ. ಮರ ಅದೇ, ನಿಲ್ಲಿಸಿದ ರೀತಿ ಬೇರೆ. ಗೆಲಿಲಿಯೊ 1638ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ಈ ವಿಷಯವನ್ನು ಚರ್ಚಿಸಿದ್ದಾನೆ. 2 ಅಂಗುಲ ದಪ್ಪ, 4 ಅಂಗುಲ ಅಗಲದ ಜಂತೆಯನ್ನು ಮಲಗಿಸುವ ಬದಲು ನಿಲ್ಲಿಸಿದರೆ ಅದರ ಬಲ ಎರಡು ಪಟ್ಟಾಗುತ್ತದೆ, ಬಾಗುವಿಕೆ ಕಾಲುಭಾಗಕ್ಕೆ ಇಳಿಯುತ್ತದೆ. ಜಂತೆಗಳನ್ನು 6 ಅಡಿಯ ಅಗಲಕ್ಕೇ ಹಾಕಬೇಕು. ಉದ್ದ ಕಡಿಮೆಯಾದಷ್ಟೂ ಬಾಗುವುದು ಕಡಿಮೆ. 16 ಅಂಗುಲಕ್ಕೆ ಒಂದರಂತೆ ಹಾಕಿದರೆ ಒಟ್ಟು ಏಳು ಜಂತೆಗಳು ಬೇಕು.

ಮೂಲೆಗಳು ಲಂಬಕೋನದಲ್ಲಿವೆಯೇ? ಪೈಥಾಗೊರಸ್ ಪ್ರಮೇಯ ಇಲ್ಲಿ ನೆರವಿಗೆ ಬರುತ್ತದೆ. 6ರ ವರ್ಗ 36, 8ರ ವರ್ಗ 64, ಕೂಡಿದರೆ 100. ಹಾಗಾಗಿ ಎರಡು ಕರ್ಣಗಳೂ ಸರಿಯಾಗಿ 10 ಅಡಿ ಇರಬೇಕು. ಒಂದು ಹೆಚ್ಚು, ಇನ್ನೊಂದು ಕಡಿಮೆ ಬಂದರೆ ಚೌಕಟ್ಟು ಸೊಟ್ಟಗಿದೆ ಎಂದರ್ಥ.

ನಾಲ್ಕು ಕಡ್ಡಿಗಳನ್ನು ಮೂಲೆಗೊಂದು ಗುಂಡುಸೂಜಿಯಿಂದ ಜೋಡಿಸಿದರೆ ಆ ಚೌಕ ಅತ್ತಿತ್ತ ವಾಲುತ್ತದೆ. ಮೂರು ಕಡ್ಡಿಗಳ ತ್ರಿಕೋನ ವಾಲದು. ಅದಕ್ಕಾಗಿಯೇ ಕಂಬಕ್ಕೂ ತೊಲೆಗೂ ನಡುವೆ ಓರೆಯಾಗಿ ಒಂದು ಪಟ್ಟಿ ಕೊಡುವುದು. ಇಲ್ಲದಿದ್ದರೆ ಮಕ್ಕಳು ಕುಣಿದಾಗ ಜಗಲಿ ತೊನೆಯುತ್ತದೆ, ಕೂಡುಗಳು ಸಡಿಲವಾಗುತ್ತವೆ.

ಕೂಡುಗಳಲ್ಲಿ ಮೊಳೆಯೊಂದನ್ನೇ ನಂಬಬಾರದು. ಎಳೆತ ಬಿದ್ದರೆ ಮೊಳೆ ಕಿತ್ತು ಬರುತ್ತದೆ. ತೊಲೆ ಕಂಬದ ತಲೆಯ ಮೇಲೆ ಕುಳಿತಿರಲಿ, ಭಾರ ನೇರವಾಗಿ ಕೆಳಗಿಳಿಯಲಿ. ಅಲುಗದಂತೆ ಹಿಡಿಯಲು ಬೋಲ್ಟು, ನಟ್ಟು, ವಾಷರು ಇರಲಿ.

ಇನ್ನು ಕಂಬದ ಬುಡ. ಮರವನ್ನು ಕೊಳೆಸುವ ಶಿಲೀಂಧ್ರಕ್ಕೆ ತೇವ ಬೇಕೇ ಬೇಕು. ಒಣಗಿದ ಮರ ಕೊಳೆಯದು. ಮಲೆನಾಡಿನ ಹಳೆಯ ಮನೆಗಳ ಮರದ ಕಂಬಗಳು ಕಲ್ಲಿನ ಪೀಠದ ಮೇಲೆ ನಿಂತಿರುವುದು ಸುಮ್ಮನೆ ಅಲ್ಲ. ಹಿತ್ತಲಿನ ಕಂಬವೂ ಮಣ್ಣು ಮುಟ್ಟದೆ ಕಾಂಕ್ರೀಟಿನ ದಿಮ್ಮಿಯ ಮೇಲೆ ನಿಲ್ಲಲಿ. ಅದರಲ್ಲಿ ಹುದುಗಿಸಿದ ಕಬ್ಬಿಣದ ಪಟ್ಟಿಗೆ ಕಂಬವನ್ನು ಬೋಲ್ಟಿನಿಂದ ಬಿಗಿಯಬೇಕು. ಗೆದ್ದಲು ಹತ್ತಿದರೂ ಬೇಗ ಕಣ್ಣಿಗೆ ಬೀಳುತ್ತದೆ.

ಬಡಗಿ ಹಲಗೆ ಬಡಿಯುವ ಮೊದಲು ತಂದೆತಾಯಿ ಮಕ್ಕಳನ್ನು ಜೊತೆಗೆ ಕರೆದು ಟೇಪನ್ನು ಅವರ ಕೈಗೇ ಕೊಡಲಿ. ಕರ್ಣ ಅಳೆಯಲಿ, ಜಂತೆ ಎಣಿಸಲಿ, ಬೋಲ್ಟು ಅಲುಗಾಡಿಸಿ ನೋಡಲಿ. ಹಲಗೆ ಮುಚ್ಚಿದ ಮೇಲೆ ತಪ್ಪು ಕಾಣುವುದಿಲ್ಲ. ಕಾಣುವ ದಿನ ಅದರ ಮೇಲೆ ಯಾರು ನಿಂತಿರುತ್ತಾರೋ ಹೇಳಲಾಗದು.